ಹಳೆಯ ಮೊರೆ, ಹೊಸ ಪ್ರಮಾಣ



ಒಬ್ಬ ವ್ಯಕ್ತಿ ತನ್ನ ಊರಲ್ಲಿ ಬಾಳಲಾರದೆ ಪರದೇಶಕ್ಕೆ ಹೋಗಿ ಆಶ್ರಯ ಕೇಳುತ್ತಾನೆ. ಅಲ್ಲಿ ಆಶ್ರಯ ಸಿಗುವುದಿಲ್ಲ, ಅಥವಾ ವಿಚಾರಣೆ ಮುಗಿಯುವ ಮೊದಲೇ ಅವನು ಕೈಬಿಡುತ್ತಾನೆ. ಕೆಲವು ವರ್ಷಗಳ ಮೇಲೆ ಮತ್ತೊಂದು ದೇಶದಲ್ಲಿ ನೆಲೆಸಿದವಳೊಬ್ಬಳನ್ನು ಮದುವೆಯಾಗುತ್ತಾನೆ. ಅವಳು ಗಂಡನನ್ನು ಕರೆಸಿಕೊಳ್ಳಲು ಅರ್ಜಿ ಹಾಕುತ್ತಾಳೆ. ಆ ಹೊತ್ತಿಗೆ ಅವನ ಹಳೆಯ ಮೊರೆ ಅವನ ಹೊಸ ಸಂಸಾರಕ್ಕೆ ಏನು ಮಾಡುತ್ತದೆ? ಏನು ಮಾಡಬೇಕು, ಏನು ಮಾಡಬಾರದು? ಈ ಉಪನ್ಯಾಸದ ವಿಷಯ ಇಷ್ಟೇ. ಚಿಕ್ಕದೆಂದು ಕಾಣುವ ಈ ಪ್ರಶ್ನೆಯಲ್ಲಿ ಭಯ, ಪ್ರೀತಿ, ಸತ್ಯ ಮತ್ತು ಪ್ರಭುತ್ವ ನಾಲ್ಕೂ ಒಂದೇ ಮೇಜಿನ ಮೇಲೆ ಬಂದು ಕೂರುತ್ತವೆ.

ಚರ್ಚೆಗೆ ನಾನು ಕೆನಡಾವನ್ನು ಆರಿಸಿಕೊಂಡಿದ್ದೇನೆ. ಆ ದೇಶ ವಲಸೆ ಬರುವವರನ್ನೂ ರಕ್ಷಣೆ ಬೇಡಿ ಬರುವವರನ್ನೂ ಒಂದೇ ಕಾಯ್ದೆಯ ಸೂರಿನಡಿ ಇಟ್ಟಿದೆ. 2001ರಲ್ಲಿ ಅಂಗೀಕಾರವಾಗಿ 2002ರ ಜೂನ್‌ನಲ್ಲಿ ಜಾರಿಗೆ ಬಂದ ಆ ಕಾಯ್ದೆಯ ಹೆಸರೇ ವಲಸೆ ಮತ್ತು ನಿರಾಶ್ರಿತರ ರಕ್ಷಣಾ ಕಾಯ್ದೆ. ಅದರ 3ನೇ ಕಲಮು ಉದ್ದೇಶಗಳನ್ನು ಪಟ್ಟಿ ಮಾಡುತ್ತದೆ. ಅಗಲಿದ ಕುಟುಂಬಗಳು ಕೆನಡಾದಲ್ಲಿ ಒಂದುಗೂಡಬೇಕು ಎಂಬುದು ಅಲ್ಲಿದೆ. ಹಿಂಸೆಗೆ ಹೆದರಿ ಬಂದವರಿಗೆ ನ್ಯಾಯವಾದ ವಿಚಾರಣೆ ಸಿಗಬೇಕು ಎಂಬುದೂ ಅಲ್ಲಿದೆ. ನಮ್ಮ ಕಥೆಯ ವ್ಯಕ್ತಿ ಈ ಎರಡು ಉದ್ದೇಶಗಳ ನಡುವಿನ ಹೊಸ್ತಿಲ ಮೇಲೆ ನಿಂತವನು.

ಕನ್ನಡದಲ್ಲಿ ‘ಪ್ರಮಾಣ’ ಎಂಬ ಮಾತಿಗೆ ಮೂರು ಅರ್ಥಗಳಿವೆ. ಆಣೆ ಇಡುವುದು ಪ್ರಮಾಣ. ಒಂದು ಸಂಗತಿ ನಿಜವೆಂದು ತೋರಿಸುವ ಸಾಧನವೂ ಪ್ರಮಾಣ. ಅಳತೆಯೂ ಪ್ರಮಾಣವೇ. ಸಂಗಾತಿಯನ್ನು ಕರೆಸಿಕೊಳ್ಳುವ ಅರ್ಜಿಯಲ್ಲಿ ಈ ಮೂರೂ ಕೂಡಿಕೊಂಡಿವೆ. ಅರ್ಜಿದಾರ ಆಣೆ ಇಟ್ಟು ಬರೆಯುತ್ತಾನೆ, ಪುರಾವೆ ಒಡ್ಡುತ್ತಾನೆ, ಅಧಿಕಾರಿ ಅಳೆಯುತ್ತಾನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಹಿಂದೆ ಆಶ್ರಯ ಕೇಳಿದ್ದು ಕಳಂಕವಲ್ಲ. ಅದನ್ನು ಕಳಂಕವೆಂದು ಬಗೆದು ಮುಚ್ಚಿಡುವ ಅರ್ಜಿದಾರ ಆಣೆಗೆ ತಪ್ಪುತ್ತಾನೆ. ಕಳಂಕವೆಂದು ಬಗೆದು ಓದುವ ಅಧಿಕಾರಿ ಅಳತೆಗೆ ತಪ್ಪುತ್ತಾನೆ.

ಹಿನ್ನೆಲೆಯನ್ನು ಸ್ವಲ್ಪ ನೋಡೋಣ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 14ನೇ ವಿಧಿ, ಹಿಂಸೆಯಿಂದ ಪಾರಾಗಲು ಬೇರೆ ದೇಶಗಳಲ್ಲಿ ಆಶ್ರಯ ಅರಸುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಅಲ್ಲಿಂದ ಎರಡೇ ವಿಧಿ ಮುಂದೆ, 16ರಲ್ಲಿ, ಕುಟುಂಬವು ಸಮಾಜದ ಸಹಜ ಹಾಗೂ ಮೂಲಭೂತ ಘಟಕವೆಂದೂ ಸಮಾಜ ಮತ್ತು ಪ್ರಭುತ್ವದ ರಕ್ಷಣೆಗೆ ಅರ್ಹವೆಂದೂ ಸಾರಿದೆ. 1951ರ ನಿರಾಶ್ರಿತರ ಒಪ್ಪಂದ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಎಂಬ ಐದು ಕಾರಣಗಳನ್ನು ಹೆಸರಿಸಿತು. ಅದನ್ನು ರೂಪಿಸಿದ ಸಮ್ಮೇಳನವೇ ನಿರಾಶ್ರಿತರ ಕುಟುಂಬ ಒಡೆಯದಂತೆ ನೋಡಿಕೊಳ್ಳಿ ಎಂದು ಸರ್ಕಾರಗಳಿಗೆ ಶಿಫಾರಸು ಮಾಡಿತು. ಕೆನಡಾ 1969ರಲ್ಲಿ ಈ ಒಪ್ಪಂದಕ್ಕೆ ಸೇರಿತು. 1985ರಲ್ಲಿ ‘ಸಿಂಗ್’ ಪ್ರಕರಣ ಎಂದೇ ಹೆಸರಾದ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಆಶ್ರಯ ಬೇಡಿದವರ ಮಾತಿನ ಸತ್ಯಾಸತ್ಯ ಪ್ರಶ್ನೆಯಾಗಿರುವಾಗ ಅವರನ್ನು ಎದುರಿಗೆ ಕೂರಿಸಿಕೊಂಡು ಕೇಳದೆ ನಿರ್ಧರಿಸುವುದು ಸಲ್ಲದು ಎಂದಿತು. ಆ ತೀರ್ಪು ಬಂದ ಏಪ್ರಿಲ್ 4 ಅಲ್ಲಿ ಈಗಲೂ ನಿರಾಶ್ರಿತರ ಹಕ್ಕುಗಳ ದಿನ. ಆಶ್ರಯ ಕೇಳುವುದು ಹಕ್ಕು ಎಂದಮೇಲೆ ಆ ಹಕ್ಕನ್ನು ಚಲಾಯಿಸಿದ್ದಕ್ಕೆ ಮುಂದೆಂದೋ ದಂಡ ತೆರಬೇಕಾಗಬಾರದು. ಇದು ಮೊದಲ ತತ್ವ.

ಇನ್ನು ಸಂಗಾತಿಯನ್ನು ಕರೆಸಿಕೊಳ್ಳುವ ವ್ಯವಸ್ಥೆ. ನಮ್ಮವರು ಬಾಯಿಮಾತಿನಲ್ಲಿ ‘ಸ್ಪಾನ್ಸರ್ ಮಾಡೋದು’ ಎನ್ನುತ್ತಾರೆ; ಪುಸ್ತಕದ ಮಾತಿನಲ್ಲಿ ಪ್ರಾಯೋಜನೆ. ಕೆನಡಾದ ಪೌರರು ಅಥವಾ ಅಲ್ಲೇ ವಾಸವಿರುವ ಕಾಯಂ ನಿವಾಸಿಗಳು, 18 ತುಂಬಿದವರು, ಪತಿ, ಪತ್ನಿ ಅಥವಾ ಜೊತೆಗಾರರನ್ನು ಪ್ರಾಯೋಜಿಸಬಹುದು. ಸಂಗಾತಿಯ ಮೂಲಭೂತ ಅಗತ್ಯಗಳನ್ನು 3 ವರ್ಷ ನೋಡಿಕೊಳ್ಳುತ್ತೇನೆಂದು ಸರ್ಕಾರಕ್ಕೆ ಬರೆದುಕೊಡಬೇಕು. ನಡುವೆ ಕೆಲಸ ಹೋದರೂ ವಿಚ್ಛೇದನವಾದರೂ ಆ ಮುಚ್ಚಳಿಕೆ ಸಡಿಲವಾಗುವುದಿಲ್ಲ. ಆದರೆ ತಂದೆತಾಯಿಯನ್ನು ಕರೆಸಿಕೊಳ್ಳುವವರಿಗೆ ಇರುವಂಥ ಕನಿಷ್ಠ ಆದಾಯದ ಷರತ್ತು ಸಂಗಾತಿಯ ವಿಷಯದಲ್ಲಿ ಸಾಮಾನ್ಯವಾಗಿ ಇಲ್ಲ. ಕಾಯಿಲೆಯಿಂದ ಸರ್ಕಾರಿ ಆಸ್ಪತ್ರೆಗಳ ಮೇಲೆ ವಿಪರೀತ ಹೊರೆ ಬೀಳುತ್ತದೆಂದು ಸಂಗಾತಿಯನ್ನು ತಿರಸ್ಕರಿಸುವಂತೆಯೂ ಇಲ್ಲ. ಬಡವರಿಗೂ ರೋಗಿಗಳಿಗೂ ದಾಂಪತ್ಯದ ಹಕ್ಕಿದೆ ಎಂದು ಕಾನೂನು ಸದ್ದಿಲ್ಲದೆ ಒಪ್ಪಿಕೊಂಡಿದೆ.

ಹಾಗಾದರೆ ಹಿಂದೆ ಬೇರೆಡೆ ಆಶ್ರಯ ಕೇಳಿದ್ದವರಿಗೆ ಬಾಗಿಲು ಮುಚ್ಚಿದೆಯೇ? ಇಲ್ಲೊಂದು ಗೊಂದಲ ವ್ಯಾಪಕವಾಗಿದೆ. 2019ರಲ್ಲಿ ಕೆನಡಾ ತನ್ನ ಕಾಯ್ದೆಗೆ ಹೊಸ ನಿಯಮ ಸೇರಿಸಿತು. ಮಾಹಿತಿ ಹಂಚಿಕೊಳ್ಳುವ ಒಪ್ಪಂದವಿರುವ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್‌ನಂಥ ದೇಶದಲ್ಲಿ ಮೊದಲೇ ಆಶ್ರಯ ಕೇಳಿದ್ದವರ ಕೋರಿಕೆಯನ್ನು ಕೆನಡಾದ ನಿರಾಶ್ರಿತರ ಮಂಡಳಿಯ ಮುಂದೆ ಇಡುವಂತಿಲ್ಲ. ಅವರಿಗೆ ಉಳಿದಿರುವುದು ಗಡೀಪಾರಿಗೆ ಮುನ್ನಿನ ಅಪಾಯದ ಪರಿಶೀಲನೆ ಮಾತ್ರ. 2004ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ, 2023ರ ಮಾರ್ಚ್‌ನಲ್ಲಿ ಇಡೀ ಭೂಗಡಿಗೆ ವಿಸ್ತರಿಸಿದ ಸುರಕ್ಷಿತ ಮೂರನೇ ದೇಶದ ಒಪ್ಪಂದವೂ ಅಮೆರಿಕದಿಂದ ಆಶ್ರಯ ಕೇಳಿ ಬರುವವರನ್ನು ಸಾಮಾನ್ಯವಾಗಿ ಅಲ್ಲಿಗೇ ತಿರುಗಿಸುತ್ತದೆ. ಇವುಗಳ ಸುದ್ದಿ ಕೇಳಿದವರು, ಒಮ್ಮೆ ಅಸೈಲಮ್ ಹಾಕಿದರೆ ಕೆನಡಾದ ಕಥೆ ಮುಗಿಯಿತು ಎಂದುಕೊಳ್ಳುತ್ತಾರೆ. ಆದರೆ ಈ ಎರಡೂ ತಡೆಗಳು ಆಶ್ರಯದ ಕೋರಿಕೆಗೆ ಸಂಬಂಧಿಸಿದವು. ಸಂಗಾತಿಯ ಪ್ರಾಯೋಜನೆ ಬೇರೆಯೇ ದಾರಿ. ಬೇರೆ ದೇಶದಲ್ಲಿ ಆಶ್ರಯ ಕೇಳಿದ್ದು, ಅದು ತಿರಸ್ಕೃತವಾದದ್ದು, ತಾನೇ ತಾನಾಗಿ ಆ ದಾರಿಯನ್ನು ಮುಚ್ಚುವುದಿಲ್ಲ. ಅಪರಾಧ, ಭದ್ರತೆ, ಕೆನಡಾದಿಂದಲೇ ಹಿಂದೆ ಗಡೀಪಾರಾದದ್ದು ಮೊದಲಾದ ಅಡ್ಡಿಗಳು ಬೇರೆ. ಅವು ಯಾವ ಅರ್ಜಿದಾರನಿಗಾದರೂ ಅಡ್ಡಿಗಳೇ.

ಕಾನೂನು ಬಿಟ್ಟಿರುವ ದಾರಿಯಲ್ಲಿ ಇಷ್ಟೊಂದು ಜನ ಎಡವುವುದೇಕೆ? ಅದಕ್ಕೆ ಅರ್ಜಿಯ ಒಂದು ಹಾಳೆಯನ್ನು ಹತ್ತಿರದಿಂದ ನೋಡಬೇಕು. ಕಾಯಂ ನಿವಾಸದ ಅರ್ಜಿಯ ಜೊತೆಗೆ ಹಿನ್ನೆಲೆಯ ಘೋಷಣೆಯೊಂದಿರುತ್ತದೆ. ಅದರಲ್ಲಿ ಸಾಲಾಗಿ ‘ಹೌದು’, ‘ಇಲ್ಲ’ ಎಂಬ ಚೌಕಗಳು. ಕೆನಡಾದಲ್ಲಾಗಲಿ, ಬೇರೆ ಯಾವುದೇ ದೇಶದಲ್ಲಾಗಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮುಂದಾಗಲಿ ನೀವು ಎಂದಾದರೂ ರಕ್ಷಣೆ ಕೋರಿದ್ದೀರಾ? ನಿರಾಶ್ರಿತ ಸ್ಥಾನಮಾನ ಅಥವಾ ವೀಸಾ ನಿಮಗೆ ಎಂದಾದರೂ ನಿರಾಕರಣೆಯಾಗಿದೆಯೇ? ಯಾವುದಾದರೂ ದೇಶ ಬಿಟ್ಟು ಹೊರಡುವಂತೆ ಆದೇಶವಾಗಿದೆಯೇ? ‘ಎಂದಾದರೂ’ ಎಂಬ ಒಂದು ಪದ ಇಪ್ಪತ್ತು ವರ್ಷದ ಹಿಂದಿನದನ್ನೂ ಎಳೆದು ತರುತ್ತದೆ. ಅದೇ ನಮೂನೆಯಲ್ಲಿ ಕಳೆದ 10 ವರ್ಷಗಳ ಬದುಕನ್ನು ತಿಂಗಳ ಲೆಕ್ಕದಲ್ಲಿ, ನಡುವೆ ಒಂದು ತೆರಪೂ ಇಲ್ಲದಂತೆ ಬರೆಯಬೇಕು. ನಡುರಾತ್ರಿ ಅಡುಗೆಮನೆಯ ಮೇಜಿನ ಮೇಲೆ ಆ ಹಾಳೆ ಹರಡಿ ಕುಳಿತವನ ಪೆನ್ನು ನಿಲ್ಲುವುದು ಇಲ್ಲೇ. ‘ಇಲ್ಲ’ ಎಂಬ ಚೌಕ ಪಕ್ಕದಲ್ಲೇ ಇದೆ. ಗುರುತು ಹಾಕಲು ಕ್ಷಣವೂ ಬೇಡ. ಆ ಹಳೆಯ ಸಂಗತಿ ಯಾರಿಗೆ ಗೊತ್ತಾಗುತ್ತದೆ ಎಂದು ಮನಸ್ಸು ಪಿಸುಗುಡುತ್ತದೆ.

ಗೊತ್ತಾಗುತ್ತದೆ. ಅರ್ಜಿದಾರ ಹತ್ತು ಬೆರಳುಗಳ ಗುರುತನ್ನೂ ಭಾವಚಿತ್ರವನ್ನೂ ಕೊಡಬೇಕು. ಕೆನಡಾ ಮತ್ತು ಅಮೆರಿಕ 2012ರಲ್ಲಿ ವೀಸಾ ಮತ್ತು ವಲಸೆ ಮಾಹಿತಿಯ ಹಂಚಿಕೆಗೆ ಒಪ್ಪಂದ ಮಾಡಿಕೊಂಡವು. ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಜೊತೆಗೂ ಇಂಥ ಹಂಚಿಕೆ ನಡೆಯುತ್ತದೆ. ಹೆಸರಿನ ಕಾಗುಣಿತ ಬದಲಾಗಬಹುದು, ಪಾಸ್‌ಪೋರ್ಟ್ ಹೊಸದಾಗಬಹುದು; ಬೆರಳಿನ ಗೆರೆ ಬದಲಾಗದು.

ಆಮೇಲೆ ಬರುವುದು ಕಾಯ್ದೆಯ 40ನೇ ಕಲಮು. ತೀರ್ಮಾನವನ್ನು ದಾರಿತಪ್ಪಿಸುವ, ದಾರಿತಪ್ಪಿಸಬಹುದಾದ ಮಹತ್ವದ ಸಂಗತಿಯನ್ನು ನೇರವಾಗಿಯೋ ಪರೋಕ್ಷವಾಗಿಯೋ ತಿರುಚಿದರೆ ಅಥವಾ ಬಚ್ಚಿಟ್ಟರೆ 5 ವರ್ಷ ಕೆನಡಾ ಪ್ರವೇಶ ನಿಷಿದ್ಧ. ‘ದಾರಿತಪ್ಪಿಸಬಹುದಾದ’ ಎಂಬ ಮಾತನ್ನು ಗಮನಿಸಬೇಕು: ಅಧಿಕಾರಿ ನಿಜವಾಗಿ ಮೋಸಹೋಗಿರಬೇಕೆಂದಿಲ್ಲ. ‘ಪರೋಕ್ಷವಾಗಿ’ ಎಂಬುದನ್ನೂ ಗಮನಿಸಬೇಕು: ಏಜೆಂಟ್ ತುಂಬಿದ ಸುಳ್ಳಿಗೂ ಸಹಿ ಹಾಕಿದವನೇ ಹೊಣೆ. ಪ್ರಾಮಾಣಿಕ ತಪ್ಪಿಗೆ ನ್ಯಾಯಾಲಯಗಳು ಬಿಟ್ಟಿರುವ ವಿನಾಯಿತಿ ಬಲು ಕಿರಿದು. ಹೇಳಿದ್ದರೆ ಅಡ್ಡಿಯಾಗದಿದ್ದ ಸಂಗತಿ, ಮುಚ್ಚಿಟ್ಟ ಕಾರಣಕ್ಕೇ ಐದು ವರ್ಷದ ಗೋಡೆಯಾಗಿ ನಿಲ್ಲುತ್ತದೆ. ಈ ವಿಷಯದಲ್ಲಿ ಇದಕ್ಕಿಂತ ದುಃಖದ ಮಾತು ನನಗೆ ಕಾಣುವುದಿಲ್ಲ.

ಸತ್ಯ ಹೇಳಿದ ಮಾತ್ರಕ್ಕೆ ದಾರಿ ಸಲೀಸಾಗುತ್ತದೆಯೇ? ಇಲ್ಲಿಂದ ಮುಂದೆ ಅಧಿಕಾರಿಯ ಅಳತೆಯ ಪ್ರಶ್ನೆ. ಕೆನಡಾದ ನಿಯಮಾವಳಿಯ 4ನೇ ನಿಯಮ ಮದುವೆಯನ್ನು ಎರಡು ಒರೆಗಲ್ಲಿಗೆ ಹಚ್ಚುತ್ತದೆ. ದಾಂಪತ್ಯ ನಿಜವಾದದ್ದೇ? ಅದು ಮುಖ್ಯವಾಗಿ ವಲಸೆಯ ಲಾಭಕ್ಕಾಗಿ ಆದದ್ದೇ? 2010ರ ತನಕ ಈ ಎರಡು ದೋಷಗಳೂ ಕೂಡಿದ್ದರೆ ಮಾತ್ರ ತಿರಸ್ಕಾರ. ಆ ವರ್ಷದ ತಿದ್ದುಪಡಿ ‘ಮತ್ತು’ ಎಂಬುದನ್ನು ತೆಗೆದು ‘ಅಥವಾ’ ಎಂದು ಮಾಡಿತು. ಈಗ ಒಂದೇ ದೋಷ ಸಾಕು. ಇಂದು ಅನ್ಯೋನ್ಯವಾಗಿ ಬಾಳುತ್ತಿರುವ ದಂಪತಿಯೂ, ಮದುವೆಯ ದಿನದ ಮುಖ್ಯ ಉದ್ದೇಶ ವಲಸೆ ಎಂದು ಅಧಿಕಾರಿಗೆ ಅನ್ನಿಸಿದರೆ, ಅರ್ಜಿ ಕಳೆದುಕೊಳ್ಳಬಹುದು. ಹಳೆಯ ಆಶ್ರಯದ ಕಡತ ಮದುವೆಯ ವಿರುದ್ಧ ಸಾಕ್ಷಿಯಾಗಿ ಏಳುವುದು ಈ ಜಾಗದಲ್ಲಿ. ಮೊದಲು ಆಶ್ರಯ ಕೇಳಿದ, ಸಿಗಲಿಲ್ಲ, ಈಗ ಮದುವೆ ಮಾಡಿಕೊಂಡ ಎಂಬ ಸರಣಿ ಓದುಗನನ್ನು ಸುಲಭವಾದ ತೀರ್ಮಾನದ ಕಡೆ ಜಾರಿಸುತ್ತದೆ.

ಈ ತರ್ಕದಲ್ಲಿ ಎರಡು ದೋಷಗಳಿವೆ. ತಿರಸ್ಕೃತವಾದ ಕೋರಿಕೆಯೆಲ್ಲ ಸುಳ್ಳಾಗಿರಬೇಕಿಲ್ಲ. ಅಮೆರಿಕದಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದ ಒಂದು ವರ್ಷದೊಳಗೆ ಆಶ್ರಯ ಕೇಳಬೇಕು. ಗಡುವು ಮೀರಿದವನ ಭಯ ನಿಜವಿದ್ದರೂ ಆಶ್ರಯ ಸಿಗದೆ ಹೋಗಬಹುದು. ವಕೀಲರಿಲ್ಲದೆ ನಿಂತವರು, ಕಾದು ಸೋತು ಕೈಬಿಟ್ಟವರು ಬೇರೆ. ಎರಡನೆಯದಾಗಿ, ಒಂದು ದೇಶದಲ್ಲಿ ನೆಲೆ ಬಯಸುವುದಕ್ಕೂ ಒಬ್ಬ ವ್ಯಕ್ತಿಯನ್ನು ಪ್ರೀತಿಸುವುದಕ್ಕೂ ವಿರೋಧವಿಲ್ಲ. ನಮ್ಮ ಮನೆಗಳಲ್ಲಿ ವರನ ನೌಕರಿ, ಊರು, ಮನೆತನ ವಿಚಾರಿಸದೆ ಎಷ್ಟು ಮದುವೆಗಳಾಗುತ್ತವೆ? ಲೌಕಿಕ ಲೆಕ್ಕಾಚಾರ ಇತ್ತೆಂದು ಆ ದಾಂಪತ್ಯಗಳನ್ನು ನಾವು ಸುಳ್ಳೆನ್ನುವುದಿಲ್ಲ. ನಿಯಮದಲ್ಲಿರುವ ‘ಮುಖ್ಯವಾಗಿ’ ಎಂಬ ಪದಕ್ಕೆ ಅದರ ಪೂರ್ತಿ ತೂಕ ಸಿಗಬೇಕು.

ಒಂದು ಚಿತ್ರವನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ಬೇರೆ ಜಾತಿಯ ಹುಡುಗಿಯನ್ನು ಮೆಚ್ಚಿದ ಕರ್ನಾಟಕದ ಹಳ್ಳಿಯ ಯುವಕನೊಬ್ಬ ಜೀವಬೆದರಿಕೆಗೆ ಹೆದರಿ ಅಮೆರಿಕಕ್ಕೆ ಹೋಗಿ ಆಶ್ರಯ ಕೇಳಿದ, ಅದು ಸಿಗದೆ ಹಿಂತಿರುಗಿ ಊರಿಗೆ ಹೋಗದೆ ಬೆಂಗಳೂರಿನಲ್ಲಿ ಉಳಿದ ಎಂದು ಭಾವಿಸಿ. ಓದಲು ಕೆನಡಾಕ್ಕೆ ಹೋದ ಆ ಹುಡುಗಿ ಅಲ್ಲಿ ಕಾಯಂ ನಿವಾಸಿಯಾಗಿ, ರಜೆಯಲ್ಲಿ ಬಂದು ಅವನನ್ನು ಮದುವೆಯಾದಳು. 1954ರ ವಿಶೇಷ ವಿವಾಹ ಕಾಯ್ದೆಯಂತೆ 30 ದಿನದ ನೋಟಿಸು, ಮೂವರು ಸಾಕ್ಷಿಗಳು, ನೋಂದಣಿ ಕಚೇರಿಯ ಗೋಡೆಗೆ ಬೆನ್ನು ಕೊಟ್ಟು ತೆಗೆದ ಒಂದೆರಡು ಫೋಟೊ. ಅವುಗಳಲ್ಲಿ ಎರಡು ಹಾರಗಳಿವೆ, ಮೂವರು ಗೆಳೆಯರಿದ್ದಾರೆ. ಧಾರೆ ಎರೆಯುವ ತಂದೆತಾಯಿ ಇಲ್ಲ, ಅಕ್ಷತೆ ಹಿಡಿದ ಬಂಧುಗಳಿಲ್ಲ, ಸಾಲು ಪಂಕ್ತಿಯ ಊಟವಿಲ್ಲ. ಭಾರತದ ಮದುವೆ ಎಂದರೆ ನೂರಾರು ಜನ ಎಂದು ಬಲ್ಲ ವೀಸಾ ಅಧಿಕಾರಿಗೆ ಈ ಖಾಲಿತನವೇ ಅನುಮಾನ. ಆದರೆ ಹಳೆಯ ಕಡತ ತೆರೆದು ಓದಿದರೆ ಆ ಫೋಟೊದಲ್ಲಿ ಹಿರಿಯರು ಏಕಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಮದುವೆಯನ್ನು ಅಲ್ಲಗಳೆಯುತ್ತದೆ ಎಂದು ಭಯಪಟ್ಟ ಕಡತವೇ ಮದುವೆಯ ಪ್ರಮಾಣವಾಗುತ್ತದೆ. ಬಚ್ಚಿಟ್ಟಿದ್ದರೆ ಅವನು ತನ್ನ ಅತ್ಯುತ್ತಮ ಸಾಕ್ಷಿಯನ್ನೇ ಕಳೆದುಕೊಳ್ಳುತ್ತಿದ್ದ.

ಹಿಂಸೆ ಮತ್ತು ಪ್ರೀತಿ ಒಂದೇ ಬದುಕಿನ ಎರಡು ಮಗ್ಗುಲುಗಳೆಂಬುದು ಕೆನಡಾದ ನಿಯಮಾವಳಿಗೂ ಗೊತ್ತು. ಮದುವೆಯಾಗದ ಜೊತೆಗಾರರು ಒಂದು ವರ್ಷ ಒಟ್ಟಿಗೆ ಬಾಳಿರಬೇಕು ಎಂದು ಹೇಳುವ ಅದೇ ನಿಯಮಾವಳಿ, ಹಿಂಸೆಯ ಅಥವಾ ಶಿಕ್ಷೆಯ ಭಯದಿಂದ ಕೂಡಿ ಬಾಳಲಾಗದವರಿಗೆ ಆ ಷರತ್ತನ್ನು ಸಡಿಲಿಸುತ್ತದೆ. ನಮ್ಮಲ್ಲಿ 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದಂಡಸಂಹಿತೆಯ 377ನೇ ಕಲಮಿನ ಹಿಡಿತ ಸಡಿಲಿಸುವ ತನಕ ಸಲಿಂಗಿ ಜೋಡಿಯೊಂದು ಒಂದೇ ಮನೆಯ ಬಾಡಿಗೆ ಕರಾರಿಗೆ ಸಹಿ ಹಾಕಲು ಹೆದರುತ್ತಿತ್ತು. ಅಂಥವರಿಂದ ಜಂಟಿ ಬ್ಯಾಂಕ್ ಖಾತೆ ಕೇಳುವುದು ಅಳತೆಯ ತಪ್ಪು.

ಎರಡು ಕಡತಗಳ ನಡುವೆ ವ್ಯತ್ಯಾಸ ಕಂಡಾಗಲೂ ಅವಸರ ಸಲ್ಲದು. ಇದಕ್ಕೆ ನಮ್ಮ ನೆಲದ್ದೇ ಉದಾಹರಣೆ ಇದೆ. ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕದಿದ್ದರೂ, 1960ರ ದಶಕದ ಆರಂಭದಿಂದ ಬೈಲುಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ಟಿಬೆಟಿಯನ್ನರಿಗೆ ಈ ನಾಡು ನೆಲೆ ಕೊಟ್ಟಿತು. ಅಲ್ಲಿ ಹುಟ್ಟಿ ಬೆಳೆದವರಲ್ಲಿ ಅನೇಕರು ಹಳದಿ ರಟ್ಟಿನ ಗುರುತಿನ ಪತ್ರ ಹಿಡಿದು ಹೊರದೇಶಗಳಿಗೆ ಹೋಗಿದ್ದಾರೆ. ಟೊರಾಂಟೊದ ಪಾರ್ಕ್‌ಡೇಲ್ ಇಂದು ಟಿಬೆಟಿಯನ್ನರ ದೊಡ್ಡ ನೆಲೆ. ಬೈಲುಕುಪ್ಪೆಯಲ್ಲಿ ಹುಟ್ಟಿದವಳೊಬ್ಬಳು 2000ದ ದಶಕದಲ್ಲಿ ಅಮೆರಿಕದಲ್ಲಿ ಆಶ್ರಯ ಕೇಳುತ್ತ, ರಾಷ್ಟ್ರೀಯತೆಯ ಅಂಕಣದಲ್ಲಿ ‘ಯಾವುದೂ ಇಲ್ಲ’ ಎಂದು ಬರೆದಳೆಂದು ಭಾವಿಸಿ. ಅವಳು ಸತ್ಯವನ್ನೇ ಬರೆದಳು. ಅವಳಿಗೆ ತಿಳಿದಿದ್ದದ್ದು ಅಷ್ಟೇ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್, 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಇಲ್ಲಿ ಹುಟ್ಟಿದ ಟಿಬೆಟಿಯನ್ನರು ಜನ್ಮತಃ ಭಾರತದ ಪೌರರು ಎಂದವು. ಈಗ ಪಾರ್ಕ್‌ಡೇಲ್‌ನ ಗಂಡ ಪ್ರಾಯೋಜಿಸುವಾಗ ಅವಳು ‘ಭಾರತ’ ಎಂದು ಬರೆದರೆ ಎರಡು ಕಡತಗಳಲ್ಲಿ ಎರಡು ಉತ್ತರ. ಎರಡೂ ನಿಜ. ಬದಲಾದದ್ದು ಕಾನೂನಿನ ಅರ್ಥ. ಹೀಗೆ ಬದಲಾದದ್ದನ್ನು ಅರ್ಜಿದಾರಳೇ ಬಿಡಿಸಿ ಬರೆಯಬೇಕು, ಅಧಿಕಾರಿ ತಾಳ್ಮೆಯಿಂದ ಓದಬೇಕು.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ಹಳೆಯ ಕೋರಿಕೆಯೇ ಸುಳ್ಳಾಗಿದ್ದರೆ? ಏಜೆಂಟರು ಕಥೆ ಕಟ್ಟಿಕೊಟ್ಟು, ಬಾಯಿಪಾಠ ಮಾಡಿಸಿ ಕಳಿಸಿದ ಪ್ರಕರಣಗಳಿವೆ. ಇದನ್ನು ಮರೆಮಾಚಿ ನಾನು ಮಾತಾಡಲಾರೆ. ಅಂಥ ಒಂದೊಂದು ಸುಳ್ಳೂ ನಿಜವಾಗಿ ಹೆದರಿ ಬಂದವನ ಮಾತಿನ ಬೆಲೆ ಇಳಿಸುತ್ತದೆ. ಆದರೂ ಕಾನೂನಿನ ಸ್ಥಿತಿ ಸ್ಪಷ್ಟವಿರಲಿ. ಕೆನಡಾದ 40ನೇ ಕಲಮು ಕೆನಡಾದ ಕಾಯ್ದೆಯ ಆಡಳಿತದಲ್ಲಿ ಹೇಳಿದ ಸುಳ್ಳಿಗೆ ಸಂಬಂಧಿಸಿದ್ದು. ಬೇರೆ ದೇಶದಲ್ಲಿ ಹೇಳಿದ ಸುಳ್ಳು ಅರ್ಜಿದಾರನ ವಿಶ್ವಾಸಾರ್ಹತೆಗೆ ಪೆಟ್ಟು ಕೊಡುತ್ತದೆ, ಆದರೆ ತಾನಾಗಿಯೇ ಆ ನಿಷೇಧವನ್ನು ತರುವುದಿಲ್ಲ. ಅದೇ ಸುಳ್ಳನ್ನು ಕೆನಡಾದ ಅರ್ಜಿಯಲ್ಲಿ ಮುಂದುವರಿಸಿದರೆ ತರುತ್ತದೆ. ಒಪ್ಪಿಕೊಳ್ಳುವುದಕ್ಕೂ ಬೆಲೆಯಿದೆ: ಕಲ್ಪಿತ ಕೋರಿಕೆ ಸಲ್ಲಿಸಿದನೆಂದು ಅಮೆರಿಕ ತೀರ್ಮಾನಿಸಿದರೆ ಅಲ್ಲಿನ ವಲಸೆ ಸವಲತ್ತುಗಳು ಶಾಶ್ವತವಾಗಿ ತಪ್ಪಬಹುದು. ಆದ್ದರಿಂದ ಅಧಿಕೃತ ವಕೀಲರ ಸಲಹೆ ಪಡೆದು, ಹಳೆಯ ಕಡತದ ಪ್ರತಿಯನ್ನು ಆ ದೇಶದ ಮಾಹಿತಿ ಹಕ್ಕಿನಡಿ ತರಿಸಿಕೊಂಡು, ಅಂದು ಏನು ಬರೆದಿತ್ತೆಂದು ಓದಿ ನೋಡಿ, ಆಮೇಲೆ ಉತ್ತರ ಬರೆಯಬೇಕು. ನೆನಪನ್ನು ನಂಬಿ ಬರೆದವರು ಎಡವುತ್ತಾರೆ.

ಪ್ರಭುತ್ವದ ಕಡೆಯಿಂದಲೂ ಕರ್ತವ್ಯವಿದೆ. ಅನುಮಾನ ಬಂದರೆ ಅಧಿಕಾರಿ ಅದನ್ನು ಅರ್ಜಿದಾರನಿಗೆ ತಿಳಿಸಿ ಉತ್ತರಕ್ಕೆ ಅವಕಾಶ ಕೊಡಬೇಕು. ಹೊರದೇಶದಿಂದ ಸಲ್ಲಿಸಿದ ಕುಟುಂಬ ವರ್ಗದ ಅರ್ಜಿ ತಿರಸ್ಕೃತವಾದರೆ ಪ್ರಾಯೋಜಕರು ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬಹುದು. ಇಲ್ಲಿ ಕಾಯ್ದೆಯ ಒಂದು ಸೂಕ್ಷ್ಮ ನನಗೆ ಬಹಳ ಅರ್ಥಪೂರ್ಣವೆನಿಸುತ್ತದೆ. ಸಂಗತಿ ತಿರುಚಿದ ಕಾರಣಕ್ಕೆ ತಿರಸ್ಕಾರವಾದರೆ ಸಾಮಾನ್ಯವಾಗಿ ಪ್ರಾಯೋಜಕರಿಗೆ ಮೇಲ್ಮನವಿ ಇಲ್ಲ. ಪತಿ, ಪತ್ನಿ, ಜೊತೆಗಾರ ಅಥವಾ ಮಗುವಿನ ವಿಷಯದಲ್ಲಿ ಮಾತ್ರ ಇದೆ. ಆ ವಿಭಾಗ ಮಾನವೀಯ ಕಾರಣಗಳನ್ನೂ ತೂಗಬಹುದು. ತಪ್ಪು ಮಾಡಿದವನ ಸಂಸಾರಕ್ಕೂ ಇನ್ನೊಂದು ಸಲ ಕೇಳಿಸಿಕೊಳ್ಳುವ ಹಕ್ಕಿದೆ ಎಂದು ಶಾಸನವೇ ಅಂದಮೇಲೆ, ಸತ್ಯ ಹೇಳಿದವನನ್ನು ಇನ್ನೆಷ್ಟು ಗೌರವದಿಂದ ಕಾಣಬೇಕು!

ಕರೆಸಿಕೊಳ್ಳುವವರ ಕಡೆಗೂ ಹಳೆಯ ಕಡತಗಳಿರುತ್ತವೆ. ಪ್ರಾಯೋಜಕರು ಹಿಂದೆ ತಾವೇ ಕಾಯಂ ನಿವಾಸ ಪಡೆಯುವಾಗ ಈ ಸಂಗಾತಿಯ ಹೆಸರು ಹೇಳದೆ ಬಿಟ್ಟಿದ್ದರೆ, ಆ ಸಂಗಾತಿಯನ್ನು ಕುಟುಂಬ ವರ್ಗದಿಂದಲೇ ಹೊರಗಿಡುವ ನಿಯಮವಿದೆ. ಕೆನಡಾದಲ್ಲಿ ನಿರಾಶ್ರಿತರಾಗಿ ರಕ್ಷಣೆ ಪಡೆದವರು ತಾವು ಹೆದರಿದ ದೇಶಕ್ಕೇ ಅದರ ಪಾಸ್‌ಪೋರ್ಟ್ ಹಿಡಿದು ಮದುವೆಗೆ ಹೋದರೆ, 2012ರ ತಿದ್ದುಪಡಿಯ ನಂತರ, ರಕ್ಷಣೆಯ ಜೊತೆಗೆ ಕಾಯಂ ನಿವಾಸವೂ ಕೈತಪ್ಪುವ ಅಪಾಯವಿದೆ.

ಇದೆಲ್ಲಕ್ಕೂ ಮುಂಚಿನ ಒಂದು ಮಾತನ್ನು ಕಾನೂನು ಹೇಳುವುದಿಲ್ಲ, ನಾನು ಹೇಳಬೇಕು. ಎಷ್ಟೋ ಮನೆಗಳಲ್ಲಿ ಆ ಹಳೆಯ ಮೊರೆಯ ಸಂಗತಿ ಸಂಗಾತಿಗೇ ತಿಳಿದಿರುವುದಿಲ್ಲ. ತಿರಸ್ಕೃತನಾದೆನೆಂಬ ನಾಚಿಕೆ, ಬಂಧನದಲ್ಲಿದ್ದ ದಿನಗಳ ನೆನಪು, ಹೇಳಿದರೆ ಏನೆಂದುಕೊಂಡಾರೋ ಎಂಬ ಅಳುಕು ಮಾತನ್ನು ಗಂಟಲಲ್ಲೇ ತಡೆದಿರುತ್ತವೆ. ಮೂರು ವರ್ಷದ ಹೊಣೆ ಹೊತ್ತು ಸಹಿ ಹಾಕುವವಳು ತನಗೆ ಗೊತ್ತಿಲ್ಲದ ಬದುಕಿನ ಕೆಳಗೆ ಸಹಿ ಹಾಕುತ್ತಾಳೆ. ಆಮೇಲೆ ಅಧಿಕಾರಿಯ ಪತ್ರದಿಂದ ಅದು ಅವಳಿಗೆ ತಿಳಿದರೆ, ವೀಸಾ ಸಿಕ್ಕರೂ ಮನೆಯೊಳಗೆ ಏನೋ ಒಡೆದಿರುತ್ತದೆ. ಆದ್ದರಿಂದ ಆಣೆಯ ಮೊದಲ ಜಾಗ ಅರ್ಜಿಯ ನಮೂನೆಯಲ್ಲಿಲ್ಲ, ಆ ಅಡುಗೆಮನೆಯ ಮೇಜಿನ ಬಳಿ ಇದೆ. ಸಂಗಾತಿಗೆ ಹೇಳಲಾದದ್ದನ್ನು ಅಧಿಕಾರಿಗೆ ಬರೆಯುವುದು ಕಷ್ಟವಾಗುವುದಿಲ್ಲ.

ಮಹನೀಯರೇ, ಆ ನಮೂನೆಯಲ್ಲಿ ‘ಹೌದು’ ಎಂದವರು ವಿವರ ಬರೆಯಬೇಕಾದ ಜಾಗ ಕೆಲವೇ ಗೆರೆಗಳಷ್ಟು. ಯಾರ ಭಯವೂ ಅಷ್ಟರಲ್ಲಿ ಹಿಡಿಸುವುದಿಲ್ಲ. ಆದರೆ ಹೆಚ್ಚಿನ ವಿವರಣೆಯನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಲು ಅಡ್ಡಿಯಿಲ್ಲ. ಯಾವ ವರ್ಷ, ಯಾವ ಊರು, ಏನಕ್ಕೆ ಹೆದರಿದೆ, ಏನು ಕೇಳಿದೆ, ಏನು ಸಿಗಲಿಲ್ಲ, ಆಮೇಲೆ ಇವಳು ಹೇಗೆ ನನ್ನ ಬದುಕಿಗೆ ಬಂದಳು: ಅದನ್ನು ಗಂಡಹೆಂಡಿರು ಒಟ್ಟಿಗೆ ಕುಳಿತು ಬರೆಯಲಿ. ಓದುವ ಕುರ್ಚಿಯಲ್ಲಿರುವವರು ಆ ಹಾಳೆಯನ್ನು ಕೊನೆಯ ಸಾಲಿನವರೆಗೂ ಓದಲಿ. ನನ್ನ ಅರಿಕೆ ಇಷ್ಟು.